‘ಯಾಕ’ ಅಂದರೆ ಎದ್ದು ಬರುತ್ತಿದ್ದ ನಾಯಿ

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಲಸಿಕೆ, ಪಂಜರ, ರೈಲ್ವೆ ಪಾರ್ಸಲ್ ಕಾಗದ ಇವನ್ನೆಲ್ಲ ಹೇಳಿಕೊಡಲು ಈಗ ಬೇಕಾದಷ್ಟು ಜನ ಇದ್ದಾರೆ. ಯಾರೂ ಹೇಳಿಕೊಡದ ಸಂಗತಿ ಒಂದಿದೆ. ಅದು ಹೊಟ್ಟೆಕಿಚ್ಚು. ನಾನು ದಸ್ತಗೀರ, ಹಳಿಯಾಳದವನು. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದೆ, ಇಪ್ಪತ್ತಾರು ವರ್ಷವೂ ಒಳಗೊಳಗೇ ಉರಿದೆ. ಹಾಗಾಗಿ ಈ ವಿಷಯವನ್ನು ನನ್ನಷ್ಟು ಚೆನ್ನಾಗಿ ಹೇಳುವವರು ನಿಮಗೆ ಸಿಗಲಾರರು.

ನಮ್ಮ ಕೆಲಸ ಏನೆಂದು ನೆಂಟರಿಗೆ ವಿವರಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ. ಗಡಿಯಲ್ಲಿ ಶೆಲ್ಲು ಬೀಳುವ ಕಡೆ ಕಾವಲಿರುವ ಜವಾನರ ಹತ್ತಿರ ಎಲ್ಲಿಂದಲೋ ನಾಯಿಗಳು ಬಂದು ಸೇರಿಕೊಳ್ಳುತ್ತವೆ. ಅರ್ಧ ರೊಟ್ಟಿಯಿಂದ ಶುರುವಾದ ಸ್ನೇಹ ಒಂದೇ ಕಂಬಳಿಯಲ್ಲಿ ಮಲಗುವವರೆಗೂ ಹೋಗುತ್ತದೆ. ಆಮೇಲೆ ಜವಾನನಿಗೆ ಗಾಯವಾಗುತ್ತದೆ, ಇಲ್ಲವೇ ಬದಲಿಯಾಗುತ್ತದೆ. ನಾಯಿ ಮಾತ್ರ ಅಲ್ಲೇ ಉಳಿಯುತ್ತದೆ. ಹಾಗೆ ಉಳಿಯಬಾರದೆಂದು, ಸೈನ್ಯದಲ್ಲಿ ಪಶುವೈದ್ಯರಾಗಿದ್ದು ನಿವೃತ್ತರಾದ ಒಬ್ಬರು ಹಳಿಯಾಳದ ಹೊರಗೆ ಒಂದು ಶೆಡ್ ಕಟ್ಟಿದರು. ಅವರನ್ನು ನಾವು ಡಾಕ್ಟರ್ ಸಾಹೇಬರು ಎನ್ನುತ್ತಿದ್ದೆವು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಜವಾನರ ಪ್ರಾಣಿಗಳನ್ನು ತರಿಸಿಕೊಂಡು, ನಲವತ್ತು ದಿನ ನಮ್ಮಲ್ಲಿಟ್ಟು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಮನೆಗೆ ಮುಟ್ಟಿಸುವುದು ನಮ್ಮ ಕೆಲಸ. ನಾನು ಗ್ಯಾರೇಜಿನ ಮೆಕ್ಯಾನಿಕ್. ಸಾಹೇಬರ ಜೀಪಿನ ಗೇರ್ ಸರಿಮಾಡಲು ಹೋದವನು ಅಲ್ಲೇ ಡ್ರೈವರ್ ಆದೆ, ಆಮೇಲೆ ಪ್ರಾಣಿಗಳನ್ನು ನೋಡಿಕೊಳ್ಳುವವನೂ ಆದೆ.

ಮೊದಲು ಬಂದದ್ದು ರಾಣಿ ಎಂಬ ಕೆಂಚು ನಾಯಿ. ಅದರ ಕಿವಿಯಲ್ಲಿ ಹುಳು ಬಿದ್ದಿತ್ತು. ಒಂದೊಂದೇ ತೆಗೆದೆ. ಗಂಜಿ ಕುಡಿಸಿದೆ. ಹದಿನೈದು ದಿನಕ್ಕೆ ಅದು ನನ್ನ ಚಪ್ಪಲಿಯ ಸದ್ದು ಗುರುತಿಸತೊಡಗಿತು. ಇನ್ನು ಇದು ನನ್ನದೇ ಎಂದುಕೊಂಡೆ. ನಲವತ್ತನೆಯ ದಿನ ದಾಂಡೇಲಿಯ ಮಿಲ್ ಕಾಲೊನಿಯ ಒಂದು ಮನೆ ಮುಂದೆ ಜೀಪಿನ ಬಾಗಿಲು ತೆಗೆದದ್ದೇ ತಡ, ರಜೆಯಲ್ಲಿ ಬಂದಿದ್ದ ಆ ಜವಾನನ ಮೇಲೆ ಹಾರಿ, ಅವನನ್ನು ನೆಲಕ್ಕೆ ಕೆಡವಿ, ಮುಖವೆಲ್ಲ ನೆಕ್ಕಿತು. ನಾನು ಖಾಲಿ ಸರಪಳಿ ಹಿಡಿದು ನಿಂತಿದ್ದೆ. ಹೊರಡುವಾಗ ಎರಡು ಸಲ ಕರೆದೆ. ಅದು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಹುಳು ತೆಗೆದದ್ದು ಅದೇ ಕಿವಿಯಿಂದ.

ಅವತ್ತು ಮನೆಗೆ ಬಂದು ಮುಖ ಸಿಂಡರಿಸಿಕೊಂಡು ಕೂತೆ. ನನ್ನ ಹೆಂಡತಿ ಜುಬೇದಾಳಿಗೆ ಮೊದಲಿನಿಂದಲೂ ನಾಯಿಗಳ ಮೇಲೆ ಸವತಿ ಮತ್ಸರ. ಹಿತ್ತಲ ಬಾಗಿಲಲ್ಲಿ ನನಗೆಂದೇ ಬೇರೆ ಬಕೆಟು, ಬೇರೆ ಲುಂಗಿ ಇಟ್ಟಿದ್ದಳು. ಸ್ನಾನ ಮಾಡದೆ ಒಳಗೆ ಪ್ರವೇಶವಿರಲಿಲ್ಲ. ನನ್ನ ಸಂಕಟ ಕೇಳಿ ಅವಳು ಮನೆಮಾತಿನಲ್ಲಿ ಒಂದೇ ಮಾತು ಕೇಳಿದಳು, “ಮೇರೇ ಸರ್ ಪೊ ಕಭೀ ಐಸಾ ಹಾತ್ ಫೇರೇ ಕ್ಯಾ?” ತನ್ನ ತಲೆಯನ್ನು ನಾನು ಎಂದಾದರೂ ಹಾಗೆ ಸವರಿದ್ದುಂಟೇ ಎಂದು. ನಾನು ಬಕೆಟ್ ತೆಗೆದುಕೊಂಡು ಬಾವಿಯ ಕಡೆ ಹೋದೆ.

ಡಾಕ್ಟರ್ ಸಾಹೇಬರದು ಒಂದು ಕಟ್ಟುನಿಟ್ಟಾದ ನಿಯಮ ಇತ್ತು. ಜವಾನ ಇಟ್ಟ ಹೆಸರನ್ನು ಪ್ರಾಣಿಯ ಮುಂದೆ ದಿನಕ್ಕೆ ಹತ್ತು ಸಲ ಕರೆಯಬೇಕು. ಬೇರೆ ಹೆಸರಿಡಕೂಡದು, ಮುದ್ದಿಗೂ ಕೂಡದು. ಮೊದಮೊದಲು ಜವಾನರು ತಮ್ಮ ಹಳೆಯ ಬನಿಯನ್ ಒಂದನ್ನು ಪಂಜರದಲ್ಲಿ ಹಾಕಿ ಕಳಿಸುತ್ತಿದ್ದರು. ಅದನ್ನು ತೊಳೆಯದೆ ನಾಯಿಯ ಹಾಸಿಗೆಯ ಕೆಳಗೆ ಇಡಬೇಕಿತ್ತು. ಆಮೇಲೆ ಮೊಬೈಲ್ ಬಂತು. ಜವಾನರು ತಮ್ಮ ದನಿ ರೆಕಾರ್ಡ್ ಮಾಡಿ ಕಳಿಸತೊಡಗಿದರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅದನ್ನು ನಾಯಿಗೆ ಕೇಳಿಸಬೇಕು. ಅನ್ನ ಹಾಕುವವನು ನಾನು, ನಾಯಿ ಬಾಲ ಅಲ್ಲಾಡಿಸುವುದು ಆ ಡಬ್ಬಿಗೆ. ಬನಿಯನ್ ಆದರೂ ಬಾಯಿ ಮುಚ್ಚಿಕೊಂಡು ಬಿದ್ದಿರುತ್ತಿತ್ತು.

ಒಮ್ಮೆ ಒಂದು ಆಡೂ ಬಂತು. ಜೋಯಿಡಾ ಕಡೆಯ ಕೈತಾನ ಎಂಬ ಸಿದ್ದಿ ಜವಾನ ಗಡಿಯಲ್ಲಿ ಸಾಕಿಕೊಂಡಿದ್ದ ಕುಂಟು ಆಡು. ರೈಲು ಅದನ್ನು ಗೋವಾದಲ್ಲಿ ಇಳಿಸಿತು, ನಾನು ಜೀಪಿನಲ್ಲಿ ತರುತ್ತಿದ್ದೆ. ಅನಮೋಡದ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದರು. ಗೋವಾದಿಂದ ಬರುವ ಗಾಡಿಯಲ್ಲಿ ಹುಲ್ಲು ಕಂಡರೆ ಅವರು ಅದರ ಕೆಳಗೆ ಬಾಟಲಿ ಹುಡುಕದೆ ಬಿಡುವುದಿಲ್ಲ. ಸೈನ್ಯದ ಆಡು ಎಂದರೆ ನಕ್ಕರು. ಹುಲ್ಲೆಲ್ಲ ಕೆದರಿ ನೋಡುವಷ್ಟರಲ್ಲಿ ಆಡು ಅವರ ರಿಜಿಸ್ಟರಿನ ಒಂದು ಹಾಳೆ ಜಗಿದು ನುಂಗಿತ್ತು, ನಾನು ಸಂಜೆಯವರೆಗೆ ಅಲ್ಲೇ ಕೂರಬೇಕಾಯಿತು. ಕೈತಾನ ಫೋನು ಮಾಡಿ, ಹಬ್ಬ ಮುಗಿದ ಮೇಲೆಯೇ ಅದನ್ನು ಮನೆಗೆ ಒಯ್ಯಿರಿ, ಮೊದಲೇ ಒಯ್ದರೆ ನೆಂಟರು ಬೇರೆ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಬೇಡಿಕೊಂಡಿದ್ದ. ಎರಡು ತಿಂಗಳು ನನ್ನನ್ನು ಹಾಯ್ದು ಹಾಯ್ದು ತೊಡೆ ನೀಲಿ ಮಾಡಿದ್ದ ಆ ಆಡು, ಅವನ ತಾಯಿ ಒಂದು ಸಲ ಕರೆದದ್ದೇ ಕುಂಟುತ್ತಾ ಹೋಗಿ ಅವಳ ಪಕ್ಕದಲ್ಲಿ ಮಲಗಿತು. ಆಡಿನ ವಿಷಯದಲ್ಲೂ ನನಗೆ ಹೊಟ್ಟೆ ಉರಿಯಿತೆಂದರೆ ನೀವು ನಗಬಹುದು. ಉರಿದದ್ದು ನಿಜ.

ಈಗ ಯಾಕನ ವಿಷಯಕ್ಕೆ ಬರುತ್ತೇನೆ. ನಾನು ಬರೆಯಲು ಕೂತದ್ದೇ ಅದಕ್ಕಾಗಿ.

ಆಗ ಡಾಕ್ಟರ್ ಸಾಹೇಬರಿಗೆ ವಯಸ್ಸಾಗಿ, ಶೆಡ್ಡನ್ನು ನನಗೆ ಒಪ್ಪಿಸಿ ಮನೆಯಲ್ಲೇ ಇರುತ್ತಿದ್ದರು. ಒಂದು ದಿನ ಗಡಿಯಿಂದ ಹಿಂದಿಯಲ್ಲಿ ಒಂದು ಕಾಗದ ಬಂತು. ಮುಂಡಗೋಡ ತಾಲ್ಲೂಕಿನ ಮಳಗಿಯ ಜವಾನ ಈರಣ್ಣ ಶೆಲ್ಲಿನ ಚೂರು ಬಡಿದು ಮಿಲಿಟರಿ ಆಸ್ಪತ್ರೆಯಲ್ಲಿದ್ದಾನೆ. ಅವನ ‘ಯಾಕ್’ ಅನ್ನು ಕಳಿಸುತ್ತಿದ್ದೇವೆ. ಕಪ್ಪು ಬಣ್ಣ, ಉದ್ದ ಕೂದಲು, ಭಾರೀ ಗಾತ್ರ. ಕಾಗದದಲ್ಲಿ ಇದ್ದದ್ದು ಇಷ್ಟೇ.

ಯಾಕ್ ಎಂದರೆ ಹಿಮದ ನಾಡಿನ ಎಮ್ಮೆಯಂಥ ಪ್ರಾಣಿ ಎಂದು ನನಗೆ ಗೊತ್ತಿತ್ತು. ಸಾಹೇಬರನ್ನು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಶೆಡ್ ಕೈಗೆ ಬಂದು ಒಂದು ತಿಂಗಳೂ ಆಗಿರಲಿಲ್ಲ, ಕೇಳಿದರೆ ನನ್ನ ದೊಡ್ಡಸ್ತಿಕೆಗೆ ಕುಂದು. ನೇರ ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋದೆ. ಗೋವಿನಜೋಳದ ಹೊಲದಲ್ಲಿ ಕಳೆ ಕೀಳುತ್ತಿದ್ದ ಒಬ್ಬ ಅಜ್ಜ ಸಿಕ್ಕ. ಯಾಕ್ ಏನು ತಿನ್ನುತ್ತದೆ ಎಂದು ಕೇಳಿದೆ. ಅಜ್ಜನ ಕಣ್ಣು ತುಂಬಿ ಬಂದವು. ಚಿಕ್ಕವನಿದ್ದಾಗ ತಮ್ಮ ಮನೆಯಲ್ಲಿ ನಾಲ್ಕು ಇದ್ದವೆಂದು ಹೇಳಿದ. ಆಮೇಲೆ ಕಣ್ಣೊರೆಸಿಕೊಂಡು, ಇಲ್ಲಿಯ ಸೆಖೆಗೆ ಅದು ಮೂರು ದಿನವೂ ಬದುಕುವುದಿಲ್ಲ ಎಂದ.

ಕೂಡಲೇ ದನ ಸಾಗಿಸುವ ಲಾರಿ ಹಿಡಿದೆ. ದಾಂಡೇಲಿಯ ಮೀನು ವ್ಯಾಪಾರಿಯ ಹತ್ತಿರ ಹೋಗಿ ಎಂಟು ಮೂಟೆ ಐಸು ತುಂಬಿಸಿಕೊಂಡೆ. ಅದರ ಮೇಲೆ ಜೋಳದ ಮೇವು ಹರಡಿಕೊಂಡು ಅಳ್ನಾವರ ಸ್ಟೇಷನ್ನಿಗೆ ಹೋಗಿ ನಿಂತೆ. ಪಾರ್ಸಲ್ ಗುಮಾಸ್ತ ಒಂದು ಪಂಜರ ತೋರಿಸಿದ. ಒಳಗೆ ಒಂದು ಕರಿ ನಾಯಿ. ಕಣ್ಣು ಕಾಣದಷ್ಟು ಕೂದಲು, ಒಂದು ಮೊಳ ನಾಲಿಗೆ. ಯಾಕ್ ಎಲ್ಲಿ ಎಂದು ನಾನು ಕೇಳಿದೆ. ಗುಮಾಸ್ತ ನಕ್ಕ. ಪಂಜರದೊಳಗಿನ ನಾಯಿ ಮಾತ್ರ ತಟ್ಟನೆ ಎದ್ದು ನಿಂತು ನನ್ನನ್ನೇ ನೋಡಿತು. ಲಾರಿಗೆ ಹತ್ತಿಸಿದ ಕೂಡಲೇ ಮೇವು ಕೆದರಿ, ಐಸಿನ ಮೇಲೆ ಹೊಟ್ಟೆ ಹಚ್ಚಿ ಮಲಗಿ, ಹಾಯೆಂದು ಉಸಿರು ಬಿಟ್ಟಿತು. ಮೀನಿನ ವಾಸನೆಯೂ ಅದಕ್ಕೆ ಹಿಡಿಸಿತು. ನನ್ನ ಎದೆಯಲ್ಲಿ ಅದು ಜಾಗ ಮಾಡಿಕೊಂಡದ್ದು ಆವಾಗಲೇ.

ಹೆಸರಿನ ಗುಟ್ಟನ್ನು ಈರಣ್ಣನೇ ಆಸ್ಪತ್ರೆಯಿಂದ ಫೋನಿನಲ್ಲಿ ಹೇಳಿದ. ಅವನ ಠಾಣೆಯಲ್ಲಿ ಕನ್ನಡದವನು ಅವನೊಬ್ಬನೇ. ಮರಿ ಬಂದ ದಿನ ಹವಾಲ್ದಾರ ಇದರ ಹೆಸರೇನು ಎಂದು ಹಿಂದಿಯಲ್ಲಿ ಕೇಳಿದ್ದಾನೆ. ಹೆಸರು ಇವನಿಗೆ ಯಾಕೆ ಬೇಕು ಎಂದುಕೊಂಡು ಈರಣ್ಣ ನಮ್ಮ ಕಡೆಯ ಮಾತಿನಲ್ಲಿ, “ಯಾಕ?” ಅಂದಿದ್ದಾನೆ. ಅವರ ಕಿವಿಗೆ ಅದು ಯಾಕ್ ಎಂದು ಬಿದ್ದು, ಮೈತುಂಬ ಕೂದಲಿದ್ದ ಮರಿಗೆ ತಕ್ಕ ಹೆಸರೆಂದು ಎಲ್ಲರೂ ನಕ್ಕು ಒಪ್ಪಿಕೊಂಡಿದ್ದಾರೆ. ಅವತ್ತಿನಿಂದ ಅದು ಯಾಕ. ಶೆಲ್ಲು ಬಿದ್ದ ದಿನ ಮಣ್ಣಿನಡಿ ಸಿಕ್ಕ ಈರಣ್ಣನನ್ನು ತೋಡಿ ತೋರಿಸಿದ್ದು ಅದೇ. “ಅದೊಂದ್ ಬಂದ್ರ ಸಾಕ್ರಿ. ನಾ ಹೆಂಗರ ಬದುಕತೇನಿ,” ಎಂದ ಈರಣ್ಣ.

ನಮ್ಮ ಶೆಡ್ಡಿನಲ್ಲಿ ಯಾಕನ ಪಾಡು ಕೇಳಬೇಡಿ. ನಮ್ಮ ಜನ ದಿನಕ್ಕೆ ನೂರು ಸಲ ಯಾಕ ಅನ್ನುತ್ತಾರೆ. ಹಾಲಿನವನಿಗೆ ಯಾರೋ ಯಾಕ ತಡ ಆಯ್ತು ಅಂದರೆ ಎದ್ದು ಓಡುತ್ತಿತ್ತು. ದಾರಿಯಲ್ಲಿ ಇಬ್ಬರು ಜಗಳವಾಡಿದರೆ ಅದಕ್ಕೆ ಕೂರಲು ಪುರಸೊತ್ತೇ ಇರುತ್ತಿರಲಿಲ್ಲ. ಮೊದಮೊದಲು ನಗು ಬರುತ್ತಿತ್ತು. ಹೋಗಹೋಗುತ್ತಾ ನಗು ನಿಂತಿತು. ಯಾರು ಯಾಕ ಅಂದರೂ ಅದು ಎದ್ದು ಈರಣ್ಣನನ್ನು ಹುಡುಕುತ್ತಿದೆ ಎಂದು ನನಗೆ ಹೊಳೆದಿತ್ತು. ಕಾಣದೆ ಮತ್ತೆ ಬಂದು ನನ್ನ ಹತ್ತಿರ ಕೂರುತ್ತಿತ್ತು. ಅವನಿಲ್ಲದ್ದಕ್ಕೆ ನಾನು.

ನಲವತ್ತು ದಿನ ಕಳೆದವು. ಈರಣ್ಣನ ಆಪರೇಶನ್ ಮೇಲೆ ಆಪರೇಶನ್ ನಡೆಯುತ್ತಿತ್ತು. ಮಳಗಿಯಲ್ಲಿ ಅವನ ತಾಯಿ ಗಂಗವ್ವ ಒಬ್ಬಳೇ. ನಾಯಿಯನ್ನು ಕಳಿಸಲೇ ಎಂದು ಫೋನಿನಲ್ಲಿ ಕೇಳಿದರೆ, ಮಗ ಬಂದ ಮೇಲೆ ನೋಡೋಣ ಎಂದಳು. ಎಂಟು ತಿಂಗಳು ಯಾಕ ನನ್ನ ಹತ್ತಿರವೇ ಉಳಿಯಿತು. ದಿನಾ ದಾಂಡೇಲಿಯಿಂದ ಬರುವ ಮೀನಿನ ಗಾಡಿಯಲ್ಲಿ ಅದಕ್ಕೆ ಒಂದು ಹೆಡಿಗೆ ಐಸು ತರಿಸುತ್ತಿದ್ದೆ. ಒಬ್ಬ ಮನುಷ್ಯನಿಗಾಗಿ ನಾನು ಇಷ್ಟು ಮಾಡಿದ್ದರೆ ಜುಬೇದಾ ನನ್ನನ್ನು ದೇವರು ಎನ್ನುತ್ತಿದ್ದಳು.

ಆಗ ನಾನು ಮಾಡಬಾರದ್ದನ್ನು ಮಾಡತೊಡಗಿದೆ. ನಮ್ಮ ಮನೆಯಲ್ಲಿ ಯಾಕ ಅನ್ನುವುದಿಲ್ಲ, ನಮ್ಮದು ‘ಕಾಯ್ಕು’. ಶೆಡ್ಡಿನಲ್ಲಿಯೂ ಎಲ್ಲರೂ ಕಾಯ್ಕು ಅನ್ನಬೇಕೆಂದು ಹುಕುಂ ಮಾಡಿದೆ. ನಾಯಿಗೆ ಸುಮ್ಮನೆ ತೊಂದರೆಯಾಗುತ್ತದೆ ಎಂಬುದು ನೆಪ. ಹಾಲಿನವನಿಗೂ ಕಲಿಸಿದೆ. ನಾಯಿಗೆ ಮೋತಿ ಎಂದು ಹೆಸರಿಟ್ಟೆ. ಈರಣ್ಣ ದಿನಾ ಕಳಿಸುತ್ತಿದ್ದ ದನಿಯನ್ನು ಕೇಳಿಸುವುದು ಬಿಟ್ಟೆ. ‘ಕೇಳಿಸಿದೆ, ಖುಷಿಯಾಗಿದೆ’ ಎಂದು ಮಾತ್ರ ಅವನಿಗೆ ಬರೆದು ಕಳಿಸುತ್ತಿದ್ದೆ. ಬೆರಳು ಕೆಳಗೆ ಮಾಡಿದರೆ ಕೂರಬೇಕು, ಬೆರಳು ಎತ್ತುವವರೆಗೆ ಏಳಬಾರದು ಎಂದೂ ಕಲಿಸಿದೆ. ಮೂರು ದಿನಕ್ಕೆ ಕಲಿಯಿತು. ಅಂಥ ಜಾಣ ನಾಯಿ ಅದು.

ಕೊನೆಗೆ ಈರಣ್ಣ ಬಂದ. ಒಂದು ಮಧ್ಯಾಹ್ನ ಬಸ್ಸಿಳಿದು, ತಾಯಿಯ ಭುಜ ಹಿಡಿದುಕೊಂಡು ಗೇಟಿನೊಳಗೆ ಕಾಲಿಟ್ಟ. ಕರಿ ಕನ್ನಡಕ. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ನೆರಳಿನ ಹಾಗೆ ಏನೋ ಕಾಣುತ್ತದೆ ಎಂದರು. ಸಂತೆಗೆ ಹೊರಟವನಂತೆ ಹೊಸ ಅಂಗಿ ಹಾಕಿದ್ದ. ನಾಯಿ ನೀರಿನ ಟಾಕಿಯ ಹತ್ತಿರ ನನ್ನ ಪಕ್ಕದಲ್ಲಿತ್ತು. ಗಾಳಿ ಅವನ ಕಡೆಯಿಂದ ಬೀಸುತ್ತಿತ್ತು. ಅದು ಮೂಗು ಎತ್ತಿತು. ನಾನು ಬೆರಳು ಕೆಳಗೆ ಮಾಡಿದೆ.

“ಯಾಕ,” ಎಂದು ಕರೆದ ಈರಣ್ಣ.

ನಾಯಿಯ ಮೈಯೆಲ್ಲ ನಡುಗಿತು. ಬಾಲ ನೆಲಕ್ಕೆ ಬಡಿಯುತ್ತಿತ್ತು. ಕುತ್ತಿಗೆ ತಿರುಗಿಸಿ ನನ್ನ ಬೆರಳು ನೋಡಿತು. ನಾನು ಎತ್ತಲಿಲ್ಲ. ಅವನು ಮತ್ತೊಮ್ಮೆ ಕರೆದ, ಈ ಸಲ ಸ್ವಲ್ಪ ಮೆಲ್ಲಗೆ. ಎರಡೂ ಕೈ ಮುಂದೆ ಚಾಚಿ ಕಾದ. ಆಮೇಲೆ ಕೈ ಕೆಳಗಿಳಿಸಿದ.

“ಮರತಂಗ ಕಾಣ್ತೈತ್ರಿ,” ಎಂದ. “ಇರ್ಲಿ ಬಿಡ್ರಿ. ನಿಮಗ ಹೊಂದೈತಿ, ನಿಮ್ಮ ಕಡೆನ ಇರ್ಲಿ.”

ಗಂಗವ್ವ ನನ್ನನ್ನು ಒಂದು ಕ್ಷಣ ನೋಡಿ, ಮಗನ ಕೈ ಹಿಡಿದು ತಿರುಗಿಸಿದಳು. ಅವರು ರಸ್ತೆಯ ತಿರುವು ದಾಟಿದ ಮೇಲೆ ನಾನು ಬೆರಳೆತ್ತಿದೆ. ನನಗೆ ಆಗ ಆದದ್ದು ಸಂತೋಷವೇ. ಸುಳ್ಳು ಹೇಳುವುದಿಲ್ಲ. ರಾಣಿಯಿಂದ ಹಿಡಿದು ಅಷ್ಟೂ ವರ್ಷ ಸೋತಿದ್ದೆ, ಒಮ್ಮೆ ಗೆದ್ದೆ ಅನ್ನಿಸಿತು.

ಆ ಗೆಲುವು ಅರ್ಧ ಗಂಟೆಯೂ ಬಾಳಲಿಲ್ಲ. ನಾಯಿ ಗೇಟಿಗೆ ಹೋಗಿ, ಈರಣ್ಣ ನಿಂತಿದ್ದ ಜಾಗದ ಮಣ್ಣನ್ನು ಮೂಸಿ, ಅದರ ಮೇಲೆಯೇ ಮಲಗಿತು. ಐಸು ತಂದರೆ ನೋಡಲಿಲ್ಲ. ಮೀನು ಹಾಕಿದರೆ ಇರುವೆ ಮುತ್ತಿತು. ಮೋತಿ ಎಂದು ಕರೆದೂ ಕರೆದೂ ಗಂಟಲು ಕಟ್ಟಿತು. ಹತ್ತು ದಿನ ಹೀಗೇ ಕಳೆದವು, ನಾಯಿಯ ಪಕ್ಕೆಲುಬು ಕೈಗೆ ಸಿಗತೊಡಗಿದವು. ಹನ್ನೊಂದನೆಯ ದಿನ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ನಾನೇ ಬಾಯಿ ಬಿಟ್ಟು “ಯಾಕ” ಅಂದೆ. ಅದು ತಲೆ ಎತ್ತಿತು. ಎತ್ತಿ ನೋಡಿದ್ದು ನನ್ನನ್ನಲ್ಲ, ರಸ್ತೆಯನ್ನು.

ಡಾಕ್ಟರ್ ಸಾಹೇಬರ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ಜೀಪಿನಲ್ಲಿ ಡೀಸೆಲ್ ಇದೆಯೇ ಎಂದು ಕೇಳಿದರು, ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಮಳಗಿಗೆ ಹೋಗುವ ದಾರಿಯಲ್ಲಿ ಟಿಬೆಟನ್ ಕಾಲೊನಿಯ ತಿರುವಿನಲ್ಲಿ ಒಂದು ಚಹದಂಗಡಿ ಇದೆ. ಅಲ್ಲಿ ನಿಲ್ಲಿಸಿ ನಾಯಿಗೆ ಒಂದು ಬನ್ನು ಕೊಡಿಸಿದೆ. ತಾನು ಎಲ್ಲಿಗೆ ಹೊರಟಿದ್ದೇನೆಂದು ಅದಕ್ಕೆ ಗೊತ್ತಿತ್ತೋ ಏನೋ, ಹನ್ನೊಂದು ದಿನಕ್ಕೆ ಮೊದಲ ಸಲ ತಿಂದಿತು. ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಿಂದ ಮೂಗು ಹೊರಗೆ ಹಾಕಿತ್ತು. ಆ ಬನ್ನನ್ನು ನನಗಾಗಿ ತಿಂದಿತೆಂದು ನಂಬಲು ಎಷ್ಟು ಪ್ರಯತ್ನಿಸಿದರೂ ಮನಸ್ಸು ಒಪ್ಪಲಿಲ್ಲ.

ಈರಣ್ಣನ ಮನೆಯ ಬಾಗಿಲು ಮುಂದೆ ಮಾಡಿತ್ತು. ತಟ್ಟಿದೆ. ಗಂಗವ್ವ ತೆರೆದು, ನನ್ನನ್ನು ಕಂಡು, “ಯಾಕ?” ಅಂದಳು.

ಮಗ ಆ ಮಾತನ್ನು ಕಲಿತದ್ದು ಅವಳ ಬಾಯಿಂದಲೇ. ಅದೇ ಎಳೆತ, ಅದೇ ಕೊನೆ. ನಾಯಿ ಸರಪಳಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಒಳಗೆ ಓಡಿತು. ಒಳಗೆ ಚೊಂಬು ಉರುಳಿದ ಸದ್ದಾಯಿತು. ಆಮೇಲೆ ದೊಡ್ಡ ಗಂಡಸೊಬ್ಬ ಬಿಕ್ಕುವ ಸದ್ದು ಕೇಳಿಸಿತು.

ನಾನು ಹೊಸ್ತಿಲ ಹೊರಗೇ ನಿಂತೆ. ಗಂಗವ್ವ ಬಾಗಿಲ ಚೌಕಟ್ಟು ಹಿಡಿದು ಒಳಗೆ ನೋಡುತ್ತಿದ್ದಳು. ನನ್ನ ಕಡೆ ತಿರುಗದೆಯೇ ಮಾತಾಡಿದಳು.

“ನಿಮ್ಮ ಬಟ್ಟ ನಾ ಅವತ್ತ ನೋಡಿದ್ನಿರೀ. ನೋಡಿನೂ ಸುಮ್ನ ಬಂದೆ. ದವಾಖಾನ್ಯಾಗ ಕಣ್ಣ ಕಟ್ಟಕೊಂಡ ಮಲಗಿದಾಗ್ಲೂ ಫೋನಿನ್ಯಾಗ ನಾಯಿ ಉಂಡೈತೇನು ಅಂತನ ಕೇಳತಿದ್ದ. ಅವ್ವಾ ನೀ ಉಂಡೇನು ಅಂತ ಒಮ್ಮೀನೂ ಕೇಳ್ಲಿಲ್ಲ. ನನಗೂ ಅದು ಬ್ಯಾಡಾಗಿತ್ತ್ರಿ.”

ಬಟ್ಟು ಎಂದರೆ ನಮ್ಮ ಕಡೆ ಬೆರಳು. ನನ್ನಂಥವರು ಇನ್ನೊಬ್ಬರೂ ಇದ್ದಾರೆ ಎಂದು ತಿಳಿದರೆ ಸಮಾಧಾನವಾಗಬೇಕಲ್ಲ, ಆಗಲಿಲ್ಲ. ಹಳಿಯಾಳದಿಂದ ಬಂದಾಗಿನಿಂದ ಮಗ ಮನೆಯಲ್ಲಿ ಯಾರೊಂದಿಗೂ ಮಾತಾಡಿಲ್ಲ, ತಟ್ಟೆ ಮುಂದಿಟ್ಟರೆ ಸರಿಸುತ್ತಾನೆ ಎಂದೂ ಅವಳು ಹೇಳಿದಳು. ಒಂದು ಕಡೆ ನಾಯಿ, ಒಂದು ಕಡೆ ಅವನು, ಹನ್ನೊಂದು ದಿನ ಇಬ್ಬರೂ ಉಪವಾಸ. ನಡುವೆ ನಾವಿಬ್ಬರು ಹೊಟ್ಟೆ ತುಂಬ ಕಿಚ್ಚಿಟ್ಟುಕೊಂಡು ಕೂತವರು.

ಒಳಗೆ ಹೋಗಿ ಈರಣ್ಣನ ಎದುರು ಕೂತೆ. ನಾಯಿ ಅವನ ಕಾಲ ಬುಡದಲ್ಲಿ ಮಲಗಿತ್ತು. ಅದು ನಿನ್ನನ್ನು ಮರೆತಿರಲಿಲ್ಲ, ನಾನೇ ಬೆರಳು ತೋರಿಸಿ ಕೂರಿಸಿದ್ದೆ, ನಿನ್ನ ದನಿಯನ್ನೂ ಅದಕ್ಕೆ ಕೇಳಿಸಲಿಲ್ಲ, ಹೆಸರನ್ನೂ ಬದಲಿಸಿದ್ದೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವನು ಕನ್ನಡಕ ತೆಗೆದು ನನ್ನ ದನಿ ಬಂದ ಕಡೆ ಮುಖ ಮಾಡಿದ. ಹೊಡೆಯುತ್ತಾನೆಂದುಕೊಂಡೆ, ಹೊಡೆಯಲಿ ಎಂದೂ ಅನ್ನಿಸಿತು.

“ಯಾಕ?” ಎಂದು ಕೇಳಿದ.

ನನ್ನ ಹತ್ತಿರ ಉತ್ತರವಿತ್ತು. ಹೊಟ್ಟೆಕಿಚ್ಚಿಗೆ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಾಯಿ ಎದ್ದು, ಅವನ ಮೊಳಕಾಲ ಮೇಲೆ ಗದ್ದವಿಟ್ಟು ನಿಂತಿತು. ಈರಣ್ಣ ಮೊದಲು ಗಲಿಬಿಲಿಗೊಂಡ, ಆಮೇಲೆ ನಕ್ಕ. ನಗುತ್ತಾ ಅದರ ಕಿವಿ ಹುಡುಕಿ ಹಿಡಿದುಕೊಂಡ. ಆ ಪ್ರಶ್ನೆಯನ್ನು ಅವನು ಮತ್ತೆ ಕೇಳಲಿಲ್ಲ. ಎರಡು ರೊಟ್ಟಿ ಹಾಕು ಎಂದು ತಾಯಿಗೆ ಹೇಳಿದ, ಹೇಳಿ ಸ್ವಲ್ಪ ತಡೆದು, “ಅವ್ವಾ, ನೀ ಉಂಡೇನು?” ಅಂದ. ಗಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಒಲೆಯ ಕಡೆ ಹೋದಳು.

ಅದಾದ ಮೇಲೆಯೂ ನಾನು ನಿವೃತ್ತಿಯವರೆಗೆ ಶೆಡ್ಡಿನಲ್ಲಿದ್ದೆ. ಬಂದ ಪ್ರತಿ ಪ್ರಾಣಿಯ ಹೆಸರನ್ನೂ ದಿನಕ್ಕೆ ಹತ್ತು ಸಲ ಕರೆದೆ, ದನಿಯನ್ನು ಎರಡು ಹೊತ್ತು ಕೇಳಿಸಿದೆ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ. ಹೋಗುವುದಿಲ್ಲ, ನಿಮಗೂ ಬರುತ್ತದೆ. ನಾಯಿಯ ಹುಳು ತೆಗೆದವನಿಗೆ ಬಾರದೆ ಇನ್ಯಾರಿಗೆ ಬರಬೇಕು? ಬಂದಾಗ ನಿಮ್ಮ ಬೆರಳು ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ, ನಾನು ಕೇಳಿಕೊಳ್ಳುವುದು ಇಷ್ಟೇ. ಆಮೇಲೆ ಮನೆಗೆ ಹೋಗಿ ಹೆಂಡತಿಯ ತಲೆ ಸವರಿ. ನಾನು ಸವರಿದ ದಿನ ಜುಬೇದಾ ಜ್ವರ ಬಂದಿದೆಯೇ ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ಅವತ್ತು ಮಳಗಿಯಿಂದ ವಾಪಸ್ ಬರುವಾಗ ಅದೇ ಚಹದಂಗಡಿಯ ಮುಂದೆ ಜೀಪು ತಾನಾಗಿಯೇ ನಿಂತಂತಾಯಿತು. ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿದ್ದೆ. ಅಂಗಡಿಯವನು ಹೊರಗೆ ಬಂದು ಬಗ್ಗಿ ನೋಡಿದ.

“ಯಾಕ, ಚಾ ಕುಡಿಯಂಗಿಲ್ಲೇನ್ರಿ?” ಎಂದ.

ನಾನು ತಿರುಗಿ ಹಿಂದಿನ ಸೀಟು ನೋಡಿದೆ.